ಚಂದಾ ಎತ್ತುವ ಮೊದಲು ರೇಷನ್ ಕಾರ್ಡ್ ನೋಡಿ

ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆ ಮೇಷ್ಟ್ರು. ಸರ್ಕಾರದ ಮಕ್ಕಳ ಆರೋಗ್ಯ ಕಾರ್ಯಕ್ರಮದಡಿ ಶಾಲೆಗೆ ತಪಾಸಣೆಗೆ ಬಂದ ಆರ್‌ಬಿಎಸ್‌ಕೆ ತಂಡದ ಡಾಕ್ಟರು ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಎದೆ ಮೇಲಿಟ್ಟ ಸ್ಟೆತಾಸ್ಕೋಪನ್ನು ಬಹಳ ಹೊತ್ತು ತೆಗೆಯಲೇ ಇಲ್ಲ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದಲ್ಲಿ ರಂಧ್ರ ಇರುವುದು ಗೊತ್ತಾಯಿತು. ಅಪ್ಪ, ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. "ಹೊಲ ಇದ್ರ ಮಾರ್ತಿದ್ವಿ ಸರ, ಅದೂ ಇಲ್ಲ" ಎಂದರು ಆ ತಾಯಿ.

ವಾಟ್ಸಾಪಿಗೆ ಫೋಟೊ ಹಾಕಿ ಚಂದಾ ಎತ್ತೋಣ ಎಂದು ಊರಲ್ಲಿ ಕೆಲವರು ಹೇಳಿದರು. ನಾನು ಬೇಡ ಎಂದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ದುಡ್ಡು ನೇರ ಆಸ್ಪತ್ರೆಗೆ ಹೋಗುತ್ತದೆ. ಚಂದಾ ಕೂಡಲಿ ಅಂತ ಕಾಯುವುದೇ ಅಪಾಯ. ರಂಧ್ರ ದೊಡ್ಡದಿದ್ದರೆ ಶ್ವಾಸಕೋಶಕ್ಕೆ ಜಾಸ್ತಿ ರಕ್ತ ನುಗ್ಗಿ ಅಲ್ಲಿನ ಒತ್ತಡ ಏರುತ್ತಾ ಹೋಗುತ್ತದೆ. ತೀರಾ ತಡವಾದರೆ ಆಪರೇಷನ್ ಮಾಡಲೂ ಆಗುವುದಿಲ್ಲ.

ತೊಡಕಿದ್ದದ್ದು ಕಾಗದದಲ್ಲಿ. ಈ ಯೋಜನೆಗೆ ತೋರಿಸಬೇಕಾದ ರೇಷನ್ ಕಾರ್ಡಿನಲ್ಲಿ ಹುಡುಗಿಯ ಹೆಸರೇ ಇರಲಿಲ್ಲ. ಅವಳು ಹುಟ್ಟುವ ಮೊದಲು ಮಾಡಿಸಿದ ಕಾರ್ಡ್, ಆಮೇಲೆ ಯಾರೂ ಸೇರಿಸಿಲ್ಲ. ಆಧಾರ್‌ನಲ್ಲಿ ಮನೆಯಲ್ಲಿ ಕರೆಯುವ ಹೆಸರು, ಜನನ ಪ್ರಮಾಣಪತ್ರದಲ್ಲಿ ಅವಳಿಗೆ ಇಟ್ಟ ಅಜ್ಜಿಯ ಹೆಸರು. ಅಪ್ಪ ಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಸರ್ವರ್ ಇಲ್ಲ ಅಂದರೆ ಮರುದಿನದ್ದೂ ಹೋಯಿತು. ಬಡವರು ಅರ್ಧಕ್ಕೇ ಕೈಬಿಡುವುದು ಇಲ್ಲೇ. ಅದಕ್ಕೇ ಡಾಕ್ಟರ ಚೀಟಿ ಹಿಡಿದು ನಾನೂ ಜೊತೆಗೆ ಹೋದೆ. ಮೇಷ್ಟ್ರು ಎದುರಿಗೆ ನಿಂತರೆ "ನಾಳೆ ಬಾ" ಅನ್ನುವುದು ಸ್ವಲ್ಪ ಕಷ್ಟ, ಅಲ್ವಾ?

ಕಾರ್ಡ್ ಸರಿಯಾದ ಮೇಲೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಹಿಡಿದು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋದೆವು. ಅಲ್ಲಿ ಮೊದಲು ಹುಡುಕಬೇಕಾದದ್ದು ಆರೋಗ್ಯಮಿತ್ರರನ್ನು. ಆಸ್ಪತ್ರೆಯಲ್ಲಿ ಯೋಜನೆಯ ಮಂಜೂರಾತಿಯ ಕೆಲಸ ನೋಡುವವರು ಅವರೇ. ಇನ್ನೊಂದು ವಿಷಯ ನನಗೆ ಅಲ್ಲೇ ತಿಳಿದದ್ದು. ಹುಡುಗಿಯ ದವಡೆ ಹಲ್ಲುಗಳು ಹುಳುಕಾಗಿದ್ದವು. ಅದರ ಸೋಂಕು ರಕ್ತದ ಮೂಲಕ ಹೃದಯಕ್ಕೆ ತಲುಪಬಹುದು. ಹಾಗಾಗಿ ಮೊದಲು ಹಲ್ಲು ಕೀಳಿಸಬೇಕಾಯಿತು. ಊರಲ್ಲೇ ಮಾಡಿಸಿದ್ದರೆ ಬೆಂಗಳೂರಿನಲ್ಲಿ ಕಾಯುವ ದಿನ ಉಳಿಯುತ್ತಿತ್ತು. ನಿಮಗೆ ಇಂಥ ಮಗು ಕಂಡರೆ ಮೊದಲು ಬಾಯಿ ತೆರೆಸಿ ನೋಡಿ.

ದುಡ್ಡು ನಿಜವಾಗಿ ಬೇಕಾದದ್ದು ಊಟಕ್ಕೆ, ಉಳಿಯುವುದಕ್ಕೆ ಮತ್ತು ಮನೆಯಲ್ಲಿ ಬಿಟ್ಟುಬಂದ ಚಿಕ್ಕ ತಮ್ಮನಿಗೆ. ಅದಕ್ಕೆ ಮಾತ್ರ ನಾವು ಶಿಕ್ಷಕರು ಕೈಲಾದಷ್ಟು ಹಾಕಿದೆವು. ಹೃದಯದ ಆಪರೇಷನ್‌ಗೆ ಹೋಗುವ ರೋಗಿಗೆ, ಜೊತೆಗಿರುವ ಒಬ್ಬರಿಗೆ ರೈಲಿನ ಸ್ಲೀಪರ್‌ನಲ್ಲಿ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ರಕ್ತ ಕೊಡಲು ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕಿರುವ ನಮ್ಮೂರ ಹುಡುಗರೇ ಬಂದರು. ನನ್ನ ಹಳೇ ವಿದ್ಯಾರ್ಥಿಗಳು. ಆ ದಿನದ ಪಗಾರ ಬಿಟ್ಟು ಬಂದಿದ್ದರು.

ಆಪರೇಷನ್ ಆಯಿತು. ಮತ್ತೆ ಎಕೋ ಮಾಡಿಸಲು ಬರಬೇಕು ಎಂದಿದ್ದಾರೆ. ಉಳಿದ ದುಡ್ಡನ್ನು ತಾಯಿಯ ಖಾತೆಗೆ ಹಾಕಿದ್ದೇವೆ, ಟಿಕೆಟ್‌ಗೆ ಸಾಕಾಗುತ್ತದೆ.