ವರ್ಷಕ್ಕೆ ನಾಲ್ಕಾರು ಬಾರಿ ಹೂ ಬಿಡುವ ರೈನ್ ಲಿಲ್ಲಿ: ಅಂಗಳದಲ್ಲೇ ತಳಿ ಮಾಡುವ ಕ್ರಮ

ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಆಸುಪಾಸಿನಲ್ಲಿ ಒಳ್ಳೆಯದೊಂದು ಮಳೆ ಬಿದ್ದ ಮೂರು-ನಾಲ್ಕು ದಿನಕ್ಕೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಂಗಳಗಳಲ್ಲಿ ರೈನ್ ಲಿಲ್ಲಿ ಸಾಲಾಗಿ ಅರಳುತ್ತದೆ. ಆಮೇಲೆ ಆಗಸ್ಟ್ ನಡುವೆ ಆಟಿ ತಿಂಗಳು ಮುಗಿಯುವವರೆಗೂ ಬರೀ ಎಲೆ. ಇದು ರೋಗವಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಮಣ್ಣು ಕೆಲವು ವಾರ ಒಣಗಿ ಮತ್ತೆ ಚೆನ್ನಾಗಿ ನೆನೆದಾಗಲೇ ಗಡ್ಡೆಯೊಳಗಿನ ಮೊಗ್ಗು ಮೇಲೇಳುವುದು. ನಮ್ಮ ಮಳೆಗಾಲದಲ್ಲಿ ಮಣ್ಣಿಗೆ ಒಣಗಲು ಪುರುಸೊತ್ತೇ ಇಲ್ಲ. ಹಾಗಾಗಿ ಸ್ವಲ್ಪ ಒಣಗಿದರೂ ಸಾಕು, ಮತ್ತೆ ಹೂ ಕೊಡುವಂಥ ಗಿಡವನ್ನು ಬೀಜದಿಂದ ಪಡೆದು ಆರಿಸುವುದೇ ಇಲ್ಲಿನ ತಳಿ ಕೆಲಸ. ಬಣ್ಣದ ಮಾತು ಆಮೇಲೆ.

ಮೊದಲು ತಾಯಿ, ಅಂದರೆ ಬೀಜ ಕಟ್ಟುವ ಗಿಡ, ಯಾವುದೆಂದು ನಿರ್ಧರಿಸಬೇಕು. ಹಳದಿ ಹೂವಿನ ಸಿಟ್ರಿನಾ ಬೇಕಾದಷ್ಟು ಬೀಜ ಕಟ್ಟುತ್ತದೆ. ಹೊಸಬರು ಮೋಸಹೋಗುವುದು ಇಲ್ಲೇ. ಅದರ ಬೀಜ ಬಹುಪಾಲು ತಂದೆಯ ಪಾಲಿಲ್ಲದೆ ಆಗುವಂಥದ್ದು. ಯಾವ ಪರಾಗ ಹಚ್ಚಿದರೂ ಹುಟ್ಟುವ ಸಸಿ ತಾಯಿಯ ಪಡಿಯಚ್ಚು. ಆದ್ದರಿಂದ ಹಳದಿಯಿಂದ ಪರಾಗ ಮಾತ್ರ ತೆಗೆದುಕೊಳ್ಳಿ. ದೊಡ್ಡ ಗುಲಾಬಿ ಬಣ್ಣದ್ದು ನೋಡಲು ಚಂದ, ಆದರೆ ಬೀಜ ಕಟ್ಟುವುದು ಕಡಿಮೆ. ಬಿಳಿಯ ಕ್ಯಾಂಡಿಡಾ ತಾಯಿಯಾಗಲು ಯೋಗ್ಯ. ಬಿಳಿ ಮತ್ತು ಹಳದಿ ಕೂಡಿ ಹುಟ್ಟಿದ ತಿಳಿಹಳದಿಯ ‘ಅಜಾಕ್ಸ್’ ಹಳೆಯ, ಹೆಸರಾದ ಸಂಕರ.

ಪರಾಗ ಹಚ್ಚಲು ಹಿಂಗಾರಿನ ನಡುವೆ ಬಿಸಿಲು ಬರುವ ದಿನಗಳೇ ಸರಿ. ಮರುದಿನ ಅರಳುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ. ಅದು ಉಬ್ಬಿ, ತುದಿ ತುಸು ಸಡಿಲವಾಗಿರುತ್ತದೆ. ಎಸಳುಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದರೆ ಒಳಗೆ ತುದಿಯಲ್ಲಿ ಪರಾಗಕೋಶವಿರುವ ಆರು ಕೇಸರಗಳು, ನಡುವೆ ಪರಾಗ ಹಿಡಿಯುವ ಹೆಣ್ಣು ಭಾಗವಾದ ಶಲಾಕೆ. ಆರೂ ಪರಾಗಕೋಶಗಳನ್ನು ಚಿಮಟದಿಂದ ಕಿತ್ತು ತೆಗೆಯಿರಿ. ನಯವಾಗಿ, ಮುಚ್ಚಿಕೊಂಡಿದ್ದರೆ ಹೊತ್ತು ಮೀರಿಲ್ಲ. ಹಳದಿ ಹುಡಿ ಕಂಡರೆ ಆ ಹೂ ಬಿಟ್ಟುಬಿಡಿ, ತನ್ನದೇ ಪರಾಗ ಆಗಲೇ ತಾಗಿರುತ್ತದೆ. ಸ್ಟ್ರಾದ ಎರಡು-ಮೂರು ಸೆಂಟಿಮೀಟರ್ ತುಂಡಿನ ಒಂದು ತುದಿಯನ್ನು ಮಡಚಿ ಅಂಟಿಸಿ ಶಲಾಕೆಗೆ ಟೊಪ್ಪಿಯಂತೆ ತೊಡಿಸಿದರೆ ಇರುವೆ, ಜೇನ್ನೊಣದ ಕಾಟವಿಲ್ಲ.

ಬೆಳಿಗ್ಗೆ ಹತ್ತರ ಸುಮಾರಿಗೆ ತಂದೆ ಗಿಡದ ಹೂವಿನಿಂದ ಕೇಸರವನ್ನೇ ಕಿತ್ತು ತಂದು, ಟೊಪ್ಪಿ ತೆಗೆದು, ಶಲಾಕೆಯ ತುದಿಗೆ ಒರೆಸಿ ಮತ್ತೆ ಮುಚ್ಚಿ. ಪರಾಗ ಉದುರುವ ಹುಡಿಯಾಗಿರಬೇಕು. ಮಳೆಹನಿ ಬಿದ್ದು ಮುದ್ದೆಯಾದದ್ದು ಕೆಲಸಕ್ಕೆ ಬಾರದು. ನೀರು ಕುಡಿದ ಪರಾಗಕಣ ಒಡೆದುಹೋಗುತ್ತದೆ. ಮೋಡವಿದ್ದರೆ ಎರಡೂ ಚಟ್ಟಿಗಳನ್ನು ಮಾಡಿನ ಕೆಳಗಿಡಿ. ದಂಟಿಗೆ ಕಟ್ಟುವ ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯದ್ದು ಆಮೇಲೆ, ಜತೆಗೆ ದಿನಾಂಕ. ತೆಂಗಿನ ‘ಟಿ × ಡಿ’ (ಎತ್ತರ × ಗಿಡ್ಡ) ಸಸಿ ನೆಟ್ಟವರಿಗೆ ಈ ಕ್ರಮ ಹೊಸತಲ್ಲ. 1932ರಲ್ಲಿ ಎತ್ತರದ ತೆಂಗಿಗೆ ಗಿಡ್ಡ ತೆಂಗಿನ ಪರಾಗ ಕೊಟ್ಟು ಸಂಕರ ಮಾಡಿದ್ದು ನಮ್ಮ ನೀಲೇಶ್ವರದಲ್ಲೇ.

ಒಂದು ವಾರದೊಳಗೆ ಹೂವಿನ ಬುಡ ಉಬ್ಬಿದರೆ ಕಾಯಿ ಕಚ್ಚಿದೆ ಎಂದರ್ಥ. ಹಳದಿಯಾಗಿ ಬಾಡಿದರೆ ಇಲ್ಲ. ಸುಮಾರು ಮೂರು ವಾರಕ್ಕೆ ಕಾಯಿ ಮೂರು ಭಾಗವಾಗಿ ಬಿರಿದು, ಕಾಗದದಷ್ಟು ತೆಳ್ಳಗಿನ ಕಪ್ಪು ಬೀಜ ಹೊರಬರುತ್ತದೆ. ಗಾಳಿಗೆ ಹಾರುವ ಮೊದಲೇ ಬಲೆಬಟ್ಟೆ ಕಟ್ಟಿಡಿ. ಬೀಜವನ್ನು ಡಬ್ಬಿಯಲ್ಲಿಟ್ಟು ಕಾಯಬೇಡಿ, ಮೊಳೆಯುವ ಶಕ್ತಿ ಬೇಗ ಕುಂದುತ್ತದೆ.

ಎರಡು ಪಾಲು ಹೊಯಿಗೆ, ಒಂದು ಪಾಲು ಸುಡುಮಣ್ಣು, ಒಂದು ಪಾಲು ಚೆನ್ನಾಗಿ ಹಳತಾದ ಹಟ್ಟಿಗೊಬ್ಬರ ಬೆರೆಸಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಹಸಿ ಗೊಬ್ಬರ ಹಾಕಿದರೆ ಸಸಿಯ ಬುಡ ಕೊಳೆಯುತ್ತದೆ. ಎರಡು-ಮೂರು ವಾರದೊಳಗೆ ಹುಲ್ಲಿನೆಳೆಯಂಥ ಮೊಳಕೆ ಬರುತ್ತದೆ. ಹುಲ್ಲೆಂದು ಕಿತ್ತುಬಿಡುವುದು ಸಾಮಾನ್ಯ, ಚೀಟಿ ಅಲ್ಲೇ ಇರಲಿ. ಮೊದಲ ಬೇಸಗೆಯಲ್ಲಿ ನೀರು ತಪ್ಪಿಸಬಾರದು. ಗಡ್ಡೆ ಇನ್ನೂ ಚಿಕ್ಕದು, ಒಣಗಿದರೆ ಸಾಯುತ್ತದೆ.

ಹೂ ಕಾಣಲು ಒಂದರಿಂದ ಎರಡು ವರ್ಷ ಬೇಕು. ಆರಿಸುವಾಗ ಮೊದಲ ಹೂವಿನ ಅಂದಕ್ಕೆ ಮರುಳಾಗಬೇಡಿ. ಎಲ್ಲ ಚಟ್ಟಿಗಳನ್ನೂ ಮಳೆ ತಾಗದ, ಬಿಸಿಲು ಬೀಳುವ ಪ್ಲಾಸ್ಟಿಕ್ ಮಾಡಿನಡಿ ಇಡಿ. ಮೂರು ವಾರ ನೀರು ನಿಲ್ಲಿಸಿ, ಆಮೇಲೆ ತಳದಿಂದ ನೀರಿಳಿಯುವಷ್ಟು ಹೊಯ್ಯಿರಿ. ಯಾವ ಗಿಡಕ್ಕೆ ಎಷ್ಟು ದಿನದಲ್ಲಿ ಮೊಗ್ಗು ಬಂತೆಂದು ಬರೆದಿಡಿ. ವರ್ಷದಲ್ಲಿ ನಾಲ್ಕೈದು ಬಾರಿ ಹೀಗೆ ಮಾಡಿದರೆ ಒಂದೆರಡು ಗಿಡಗಳು ಪ್ರತಿ ಸಲವೂ ಹೂ ಕೊಟ್ಟದ್ದು ಪುಸ್ತಕದಲ್ಲಿ ಕಾಣುತ್ತದೆ. ಮುಂದಿನ ಸಂಕರಕ್ಕೆ ಅವೇ ತಾಯಿ-ತಂದೆ. ಯೂರಿಯಾ ಮಾತ್ರ ಬೇಡ, ಎಲೆ ಸೊಂಪಾಗಿ ಹೂ ಕಡಿಮೆಯಾದರೆ ಪರೀಕ್ಷೆಯೇ ಹಾಳು.

ಕಪ್ಪು ಮೈಯ ಲಿಲ್ಲಿ ಹುಳು ಬಂದರೆ ಎಲೆ ತಿಂದು ಗಡ್ಡೆಗೂ ಇಳಿಯುತ್ತದೆ. ಸಂಜೆ ಹುಡುಕಿ ಹೆಕ್ಕಿ ತೆಗೆಯಿರಿ. ಗಡ್ಡೆ ವಿಷ, ಮಕ್ಕಳಿಗೂ ಆಡು-ದನಗಳಿಗೂ ಎಟುಕದಂತಿರಲಿ. ಆರಿಸಿದ ಗಿಡವನ್ನು ಹೆಚ್ಚಿಸಲು ಬೀಜ ಬಿತ್ತಬೇಡಿ, ಗುಣ ಬದಲಾದೀತು. ಬುಡದಲ್ಲಿ ಒಡೆದ ಮರಿಗಡ್ಡೆಗಳನ್ನು ಬೇರುಸಹಿತ ಬಿಡಿಸಿ, ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಟ್ಟರೆ ಸಾಕು.