ಉದ್ರಿ ಲೆಕ್ಕ ಫೈಲಿಗೆ ಹೋಗಿ ಹಾಗೇ ವಾಪಸ್ ಬರಬೇಕೇ? ಜಾವಾದಲ್ಲಿ ಜಿಸನ್ ಬಳಸುವುದು ಹೀಗೆ

ಪ್ರೋಗ್ರಾಂ ಓಡುತ್ತಿರುವಷ್ಟು ಹೊತ್ತು ಆಬ್ಜೆಕ್ಟ್‌ಗಳು ಮೆಮೊರಿಯಲ್ಲಿ ಇರುತ್ತವೆ. ಕರೆಂಟ್ ಹೋದರೆ ಅವೂ ಹೋದವು. ಅವನ್ನು ಫೈಲಿನಲ್ಲಿ ಇಡಬಹುದಾದ ಅಕ್ಷರಗಳನ್ನಾಗಿ ಮಾಡುವುದಕ್ಕೆ ಸೀರಿಯಲೈಸ್ ಮಾಡುವುದು ಅನ್ನುತ್ತಾರೆ. ಆ ಅಕ್ಷರಗಳನ್ನು ಓದಿ ಮತ್ತೆ ಆಬ್ಜೆಕ್ಟ್ ಕಟ್ಟುವುದು ಡಿಸೀರಿಯಲೈಸ್. ಬರೆಯುವುದು ಸುಲಭ. ಬರೆದದ್ದು ಒಂದಕ್ಷರವೂ ಕಳೆಯದೆ ವಾಪಸ್ ಬರುವ ಹಾಗೆ ನೋಡಿಕೊಳ್ಳುವುದೇ ಕೆಲಸ.

ನನಗೆ ಇದು ಮನಸ್ಸಿಗೆ ಹತ್ತಿದ್ದು ಚಿಕ್ಕಪ್ಪನ ಕಿರಾಣಿ ಅಂಗಡಿಯಲ್ಲಿ. ಅವರ ಉದ್ರಿ ಪುಸ್ತಕಕ್ಕೆ ಜಾವಾದಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇತ್ತು. ಮಾರನೇ ದಿನ ಅಂಗಡಿಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅದನ್ನು ಓಡಿಸಿ, ಅದು ಬರೆದ ಫೈಲ್ ತೆರೆದರೆ ಗಿರಾಕಿ ಗಿರಿಜಮ್ಮನ ಹೆಸರು ಇರಬೇಕಾದ ಜಾಗದಲ್ಲಿ ಎಂಟು ಪ್ರಶ್ನೆ ಚಿಹ್ನೆ. "ಹೆಸರೇ ಇಲ್ದೆ ಯಾರ ಹತ್ರ ದುಡ್ಡು ಕೇಳಲೋ?" ಅಂದರು ಚಿಕ್ಕಪ್ಪ. ಯಾಕೆ ಹಾಗಾಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಲೈಬ್ರರಿ ತನ್ನಿ

ಜಾವಾದಲ್ಲೇ ಒಂದು ಸೀರಿಯಲೈಸ್ ವ್ಯವಸ್ಥೆ ಇದೆ. ಆದರೆ ಅದು ಬರೆಯುವ ಬೈಟ್‌ಗಳನ್ನು ನಾವು ಕಣ್ಣಿಂದ ಓದಲಾಗದು. ಗೊತ್ತಿಲ್ಲದವರು ಕೊಟ್ಟ ಅಂಥ ಫೈಲನ್ನು ತೆರೆಯುವುದು ಅಪಾಯವೂ ಹೌದು. ಹಾಗಾಗಿ ಜಿಸನ್ (Gson) ತೆಗೆದುಕೊಳ್ಳೋಣ. ಇದು ಗೂಗಲ್ 2008ರಲ್ಲಿ ಹೊರಗೆ ಬಿಟ್ಟ ಓಪನ್ ಸೋರ್ಸ್ ಲೈಬ್ರರಿ, ಲೈಸೆನ್ಸ್ ಅಪಾಚೆ 2.0. ಆಬ್ಜೆಕ್ಟನ್ನು ಜೇಸನ್ (JSON, ಹೆಸರು ಮತ್ತು ಬೆಲೆಯ ಜೋಡಿಗಳಾಗಿ ಬರೆಯುವ ರೂಪ) ಪಠ್ಯವಾಗಿ ಬರೆಯುತ್ತದೆ, ಪಠ್ಯವನ್ನು ಆಬ್ಜೆಕ್ಟ್ ಮಾಡುತ್ತದೆ. ಈಗ ಅದಕ್ಕೆ ದೊಡ್ಡ ಹೊಸ ಸೌಲಭ್ಯಗಳು ಸೇರುವುದು ಕಡಿಮೆ, ದೋಷ ತಿದ್ದುವುದೇ ಹೆಚ್ಚು. ಚಿಕ್ಕ ಕೆಲಸಕ್ಕೆ ಅಷ್ಟು ಸಾಕು. ಪ್ರಾಜೆಕ್ಟ್ ಕಟ್ಟುವ ಸಾಧನಗಳಾದ ಮೇವನ್ ಅಥವಾ ಗ್ರೇಡಲ್ ಫೈಲಿನಲ್ಲಿ ಒಂದು ಡಿಪೆಂಡೆನ್ಸಿ ಸೇರಿಸಿದರೆ ಬಂದುಬಿಡುತ್ತದೆ.

ಕ್ಲಾಸ್ ಬರೆಯಿರಿ

ಜಾವಾದಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಗಿರಾಕಿ' ಅಂತ ಕ್ಲಾಸ್, ಅದರೊಳಗೆ ಹೆಸರು, ಫೋನ್, ಬಾಕಿ, ಖರೀದಿ ಅಂತ ನಾಲ್ಕು ಫೀಲ್ಡ್. ಬಾಕಿಯನ್ನು ಡಬಲ್‌ನಲ್ಲಿ ಇಡಬೇಡಿ, ದಶಮಾಂಶದಲ್ಲಿ ಪೈಸೆ ತಪ್ಪುತ್ತದೆ. ಲಾಂಗ್‌ನಲ್ಲಿ ಪೈಸೆ ಲೆಕ್ಕವೇ ಇಡಿ. ಜಿಸನ್ ಆಬ್ಜೆಕ್ಟ್ ಒಂದನ್ನು ಮಾಡಿ ಅದರ 'ಟು ಜೇಸನ್' ಮೆಥಡ್‌ಗೆ ಗಿರಾಕಿಯನ್ನು ಕೊಟ್ಟರೆ ಬರುವುದು ಇದು:

{"ಹೆಸರು":"ಗಿರಿಜಮ್ಮ","ಬಾಕಿ":24050,"ಖರೀದಿ":["ಅಕ್ಕಿ","ಬೆಲ್ಲ"]}

ಫೋನ್ ಎಲ್ಲಿ ಹೋಯಿತು? ಗಿರಿಜಮ್ಮನ ನಂಬರ್ ಹಾಕಿರಲಿಲ್ಲ, ಅದು ನಲ್ (ಏನೂ ಇಲ್ಲ) ಆಗಿತ್ತು. ಜಿಸನ್ ಸುಮ್ನೆ ನಲ್‌ಗಳನ್ನು ಬಿಟ್ಟುಬಿಡುತ್ತದೆ. ಬೇಕೇ ಬೇಕು ಅಂದರೆ ಜಿಸನ್ ಬಿಲ್ಡರ್‌ನಲ್ಲಿ 'ಸೀರಿಯಲೈಸ್ ನಲ್ಸ್' ಹಾಕಿ. ಫೈಲಿಗೆ ಹೋಗಲೇಬಾರದ ಫೀಲ್ಡ್ ಇದ್ದರೆ, ಪಾಸ್‌ವರ್ಡ್ ಥರದ್ದು, ಅದರ ಮುಂದೆ 'ಟ್ರಾನ್ಸಿಯೆಂಟ್' ಅಂತ ಬರೆಯಿರಿ.

ಫೈಲಿಗೆ ಬರೆಯುವಾಗ

ಪ್ರಶ್ನೆ ಚಿಹ್ನೆ ಬಂದದ್ದು ಇಲ್ಲಿ. ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಮಾಡುವ ವಿಧಾನ) ಅಂತ ಹೇಳದೆ ಫೈಲ್ ರೈಟರ್ ಬಳಸಿದರೆ ಅದು ಆಪರೇಟಿಂಗ್ ಸಿಸ್ಟಂ ಹೇಳಿದ ಎನ್‌ಕೋಡಿಂಗ್ ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಕನ್ನಡ ಗೊತ್ತಿಲ್ಲದ್ದು. ಗೊತ್ತಿಲ್ಲದ ಪ್ರತಿ ಚಿಹ್ನೆಗೂ ಒಂದೊಂದು ಪ್ರಶ್ನೆ ಚಿಹ್ನೆ ಬೀಳುತ್ತದೆ. ಗಿರಿಜಮ್ಮ ಅನ್ನುವುದರಲ್ಲಿ ಗುಣಿತ, ಹಲಂತ ಎಲ್ಲ ಬಿಡಿಸಿ ಎಣಿಸಿದರೆ ಎಂಟು. ನೆನಪಿಡಿ, ಇದು ತೋರಿಸುವಾಗ ಆದ ತಪ್ಪಲ್ಲ. ಫೈಲಿನೊಳಗೇ ಪ್ರಶ್ನೆ ಚಿಹ್ನೆ ಕೂತಿದೆ. ಹೆಸರು ಮತ್ತೆ ಸಿಗುವುದಿಲ್ಲ. ಪುಣ್ಯಕ್ಕೆ ಚಿಕ್ಕಪ್ಪ ಹಳೇ ಪುಸ್ತಕ ಎಸೆದಿರಲಿಲ್ಲ.

ಆದ್ದರಿಂದ ಬರೆಯುವಾಗಲೂ ಓದುವಾಗಲೂ ಯುಟಿಎಫ್-8 (ಕನ್ನಡವನ್ನೂ ಬರೆಯಬಲ್ಲ ಎನ್‌ಕೋಡಿಂಗ್) ಅಂತ ನೀವೇ ಹೇಳಿ. ಜಾವಾ 18ರಿಂದ ಅದೇ ಡೀಫಾಲ್ಟ್. ಆದರೂ ಹೇಳಿ, ನಿಮ್ಮ ಪ್ರೋಗ್ರಾಂ ಯಾವ ಕಂಪ್ಯೂಟರ್‌ನಲ್ಲಿ ಓಡುತ್ತದೋ ಗೊತ್ತಿಲ್ಲ ಅಲ್ವಾ? ಕ್ಲಾಸಿನಲ್ಲಿ ಕನ್ನಡ ಹೆಸರಿದ್ದರೆ ಹಳೇ ಜಾವಾದಲ್ಲಿ ಕಂಪೈಲ್ ಮಾಡುವಾಗಲೂ ಇದನ್ನೇ ಹೇಳಬೇಕು.

ವಾಪಸ್ ಓದುವಾಗ

'ಫ್ರಮ್ ಜೇಸನ್' ಮೆಥಡ್‌ಗೆ ಪಠ್ಯವನ್ನೂ ಕ್ಲಾಸನ್ನೂ ಕೊಡಿ, ಒಬ್ಬ ಗಿರಾಕಿ ಬರುತ್ತಾರೆ. ಪಟ್ಟಿ ಬೇಕಾದರೆ ಬರೀ ಲಿಸ್ಟ್ ಅಂದರೆ ಸಾಲದು. ಒಳಗೆ ಗಿರಾಕಿಗಳಿದ್ದಾರೆ ಅಂತ ಜಿಸನ್‌ಗೆ ತಿಳಿಯದೆ ಅದು ಮ್ಯಾಪ್‌ಗಳನ್ನು ಕೊಡುತ್ತದೆ, 24050 ಇದ್ದದ್ದು 24050.0 ಆಗುತ್ತದೆ. 'ಟೈಪ್ ಟೋಕನ್' ಬಳಸಿ, ಗಿರಾಕಿಗಳ ಲಿಸ್ಟ್ ಅಂತ ಪೂರ್ತಿ ಹೇಳಿ.

ಕ್ಲಾಸಿಗೆ ಖಾಲಿ ಕನ್‌ಸ್ಟ್ರಕ್ಟರ್ ಒಂದು ಇರಲಿ, ಪ್ರೈವೇಟ್ ಆದರೂ ಸರಿ. ಅದು ಇಲ್ಲದಿದ್ದರೆ ಜಿಸನ್ ಕನ್‌ಸ್ಟ್ರಕ್ಟರನ್ನೇ ಕರೆಯದೆ ಆಬ್ಜೆಕ್ಟ್ ಮಾಡಿಬಿಡುತ್ತದೆ. ಆಗ ಖರೀದಿಗೆ ನೀವು ಕೊಟ್ಟಿದ್ದ ಖಾಲಿ ಪಟ್ಟಿ ಬರುವುದಿಲ್ಲ. ಫೈಲಿನಲ್ಲೂ ಅದಿಲ್ಲದಿದ್ದರೆ ನಲ್ ಉಳಿಯುತ್ತದೆ, ಸಕ್ಕರೆ ಸೇರಿಸಲು ಹೋದಾಗ ಪ್ರೋಗ್ರಾಂ ಬೀಳುತ್ತದೆ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಬೇರೆ. ಮುಂದೆ ಎಂದೋ 'ಬಾಕಿ' ಫೀಲ್ಡನ್ನು 'ಬಾಕಿಪೈಸೆ' ಅಂತ ಬದಲಿಸಿದಿರಿ ಅನ್ನಿ. ಹಳೇ ಫೈಲಿನ 'ಬಾಕಿ'ಯನ್ನು ಜಿಸನ್ ಗುರುತಿಸುವುದಿಲ್ಲ, ಎರರ್ ಕೂಡ ಕೊಡುವುದಿಲ್ಲ. ಎಲ್ಲರ ಬಾಕಿಯೂ ಸೊನ್ನೆ! ಆಮೇಲೆ ಸೇವ್ ಮಾಡಿದರೆ ಫೈಲಿನಲ್ಲೂ ಸೊನ್ನೆಯೇ. ಫೀಲ್ಡಿನ ಮೇಲೆ 'ಸೀರಿಯಲೈಸ್ಡ್ ನೇಮ್' ಅನ್ನುವ ಆನೊಟೇಶನ್ ಹಾಕಿ, ಅದರ 'ಆಲ್ಟರ್ನೇಟ್'ನಲ್ಲಿ ಹಳೇ ಹೆಸರು ಕೊಡಿ. ಆಗ ಎರಡೂ ಓದುತ್ತದೆ.

ಅಂಗಡಿಗೆ ಒಯ್ಯುವ ಮುಂಚೆ ಮೂವರು ಗಿರಾಕಿಗಳನ್ನು ಬರೆದು ಓದಿ ನೋಡಿ. ಒಬ್ಬರಿಗೆ ಒತ್ತಕ್ಷರ ಇರುವ ಕನ್ನಡ ಹೆಸರು, ಒಬ್ಬರಿಗೆ ಫೋನ್ ಇಲ್ಲ, ಒಬ್ಬರದು ಖರೀದಿ ಪಟ್ಟಿ ಖಾಲಿ. ಬರೆಯುವ ಮುಂಚಿನ ಫೀಲ್ಡ್‌ಗಳನ್ನು ಓದಿದ ಮೇಲಿನವುಗಳ ಜೊತೆ ಒಂದೊಂದಾಗಿ ಹೋಲಿಸಿ. ಈ ಪರೀಕ್ಷೆಯನ್ನು ಅಂಗಡಿಯ ಕಂಪ್ಯೂಟರ್‌ನಲ್ಲೇ ಮಾಡಿ.