ಒಂಟೆ ಹಿಂಡು ಬೆಳೆಯದಿದ್ದರೆ ಮೊದಲು ಸಾವಿನ ಲೆಕ್ಕ ತೆಗೆಯಿರಿ

ಹಿಂಡು ಬೆಳೆಯುತ್ತಿಲ್ಲ ಎಂದಾಗ ಎಲ್ಲರ ಕಣ್ಣು ಮೊದಲು ಬೀಜದ ಗಂಡಿನ ಮೇಲೆ ಬೀಳುತ್ತದೆ. ನಾನು ತೆರೆಯುವುದು ಸಾವಿನ ಪುಸ್ತಕ. ಸತ್ತ ಒಂದೊಂದು ಒಂಟೆಗೂ ಒಂದು ಸಾಲು: ವಯಸ್ಸು, ಹೆಣ್ಣೋ ಗಂಡೋ, ಯಾವ ತಿಂಗಳು, ಕೊನೆಯ ಮೂರು ದಿನ ಏನು ಕಂಡಿತು. ‘ಕಾಯಿಲೆ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಹಳದಿ ನೀರುಭೇದಿ, ಎರಡನೇ ದಿನ ಮೊಲೆ ಹಿಡಿಯಲಿಲ್ಲ’ ಎಂದು ಬರೆದರೆ ಮುಂದಿನ ಮರಿಗೆ ಏನು ಮಾಡಬೇಕೆಂಬುದು ಅಲ್ಲೇ ಇರುತ್ತದೆ.

ನೂರು ಒಂಟೆಗಳಲ್ಲಿ ಈಯುವ ಹೆಣ್ಣು 40 ಎಂದುಕೊಳ್ಳಿ. ಗಬ್ಬ ಸುಮಾರು 13 ತಿಂಗಳು, ಎರಡು ವರ್ಷಕ್ಕೊಂದು ಈತ, ಅಂದರೆ ವರ್ಷಕ್ಕೆ 20 ಮರಿ. ಎಂಟು ಸತ್ತರೆ ಉಳಿದದ್ದು 12. ದೊಡ್ಡವು ಐದು ಸತ್ತು, ಐದು ಗಂಡು ಮಾರಿದರೆ ಹಿಂಡಿಗೆ ಸೇರಿದ್ದು ಎರಡೇ. ಇಮ್ಮಡಿಯಾಗಲು 35 ವರ್ಷ. ಮರಿಸಾವು ಎರಡಕ್ಕೆ ಇಳಿದರೆ 8 ಸೇರುತ್ತವೆ, 9 ವರ್ಷ ಸಾಕು. ಮರಿ ಸತ್ತರೆ ತಾಯಿ ಬೇಗ ಗಬ್ಬ ಕಟ್ಟುತ್ತದಲ್ಲ ಎನ್ನುವವರಿದ್ದಾರೆ. 13 ತಿಂಗಳು ಹೊತ್ತದ್ದನ್ನು ಮಣ್ಣಿಗೆ ಹಾಕಿ, ಹಾಲೂ ಬತ್ತಿಸಿಕೊಂಡು, ಉಳಿಸುವುದು ಕೆಲವು ತಿಂಗಳು ಮಾತ್ರ.

ಒಂಟೆ ತನ್ನ ಮರಿಯನ್ನು ಹಸುವಿನಂತೆ ನೆಕ್ಕುವುದಿಲ್ಲ. ಮರಿಯ ಮೈಗೆ ತೆಳುವಾದ ಪೊರೆಯೊಂದು ಅಂಟಿಕೊಂಡೇ ಬರುತ್ತದೆ. ಮೈಮೇಲಿನದು ಒಣಗಿ ತಾನೇ ಉದುರುತ್ತದೆ, ಆದರೆ ಮೂಗು ಬಾಯಿಯ ಮೇಲಿನದನ್ನು ಕೂಡಲೇ ಬೆರಳಿನಿಂದ ತೆಗೆಯಬೇಕು. ಹೊಕ್ಕುಳನ್ನು ಅಯೋಡಿನ್ ತುಂಬಿದ ಸಣ್ಣ ಬಟ್ಟಲಲ್ಲಿ ಬುಡದವರೆಗೆ ಅದ್ದಬೇಕು. ಬಟ್ಟೆಯಿಂದ ಒರೆಸಿದರೆ ಒಳಗೆ ಇಳಿಯುವುದಿಲ್ಲ; ವಾರದ ಮೇಲೆ ಕೀಲು ಊದಿ ಕುಂಟುವ ಮರಿಗಳಲ್ಲಿ ಹಲವಕ್ಕೆ ಸೋಂಕು ಹತ್ತಿದ್ದು ಹೊಕ್ಕುಳಿನಿಂದಲೇ.

ಮುಂದೆ ಗಿಣ್ಣುಹಾಲು. ರೋಗನಿರೋಧಕ ಶಕ್ತಿ ಗರ್ಭದಲ್ಲಿ ತಾಯಿಯಿಂದ ದಾಟುವುದಿಲ್ಲ, ಬರುವುದೆಲ್ಲ ಗಿಣ್ಣಿನಲ್ಲೇ. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಒಂದು ದಿನದೊಳಗೆ ಮುಗಿಯುತ್ತದೆ. ಗಿಣ್ಣು ಭೇದಿ ತರಿಸುತ್ತದೆಂದು ಹಿಂಡಿ ಚೆಲ್ಲುವ ರೂಢಿಯಷ್ಟು ಮರಿ ಕೊಂದದ್ದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 35 ಕಿಲೋ ಮರಿಗೆ ಮೊದಲ ದಿನ ಸುಮಾರು ಮೂರೂವರೆ ಲೀಟರ್, ಅದರಲ್ಲಿ ಒಂದು ಪಾಲು ಮೊದಲ ಆರು ಗಂಟೆಯಲ್ಲೇ. ಎರಡು ಗಂಟೆಯಾದರೂ ಎದ್ದು ಕುಡಿಯದಿದ್ದರೆ ಗಿಣ್ಣು ಹಿಂಡಿ ಕುಡಿಸಿ. ಮೊದಲ ಮೂರು ತಿಂಗಳು ನಾಲ್ಕು ಮೊಲೆಗಳಲ್ಲಿ ಎರಡು ಮರಿಯ ಪಾಲು. ಹಾಲಿನ ಆಸೆಗೆ ಮೂರನೆಯದಕ್ಕೆ ಕೈ ಹಾಕಿದವರ ಪುಸ್ತಕದಲ್ಲಿ ಅದು ಕಾಣುತ್ತದೆ.

ಭೇದಿ ಹತ್ತಿದ ಮರಿಯನ್ನು ಕೊಲ್ಲುವುದು ಹೆಚ್ಚಾಗಿ ನೀರಿನ ಕೊರತೆ. ಕತ್ತಿನ ಚರ್ಮ ಚಿವುಟಿ ಬಿಡಿ. ಮಡಿಕೆ ನಿಂತೇ ಇದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, 35 ಕಿಲೋ ಮರಿ ಮೂರು ಲೀಟರ್ ಕಳೆದುಕೊಂಡಿದೆ ಎಂದುಕೊಳ್ಳಿ. ಓಆರ್‌ಎಸ್ ಅನ್ನು ದಿನಕ್ಕೆ ಐದಾರು ಸಲ ಹಂಚಿ ಕುಡಿಸಬೇಕು, ಹಾಲು ನಿಲ್ಲಿಸಬಾರದು. ಹೀರಲಾರದೆ ಮಲಗಿದ ಮರಿಗೆ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ರಕ್ತನಾಳದಲ್ಲಿ ದ್ರವ ಕೊಡಲು ವೈದ್ಯರೇ ಬೇಕು.

ದೊಡ್ಡವುಗಳಲ್ಲಿ ಸರ್ರಾ, ಅಂದರೆ ನೊಣ ಕಚ್ಚಿ ಹರಡುವ, ರಕ್ತದ ಪರಾವಲಂಬಿಯಿಂದ ಬರುವ ರೋಗ. ಕುದುರೆನೊಣ ಹೆಚ್ಚುವ ಮಳೆಗಾಲದ ನಂತರ ಡುಬ್ಬ ಕರಗುವುದು, ಕಣ್ಣಿನ ಒಳರೆಪ್ಪೆ ಬಿಳಿಚುವುದು, ಕಾರಣವಿಲ್ಲದೆ ಗಬ್ಬ ಇಳಿಯುವುದು. ನೀರಿಲ್ಲದ ಒಂಟೆಯ ಮೈಬಿಸಿ ಹಗಲಲ್ಲಿ ತಾನಾಗಿಯೇ 40 ಡಿಗ್ರಿ ಮುಟ್ಟುವುದರಿಂದ ಮಧ್ಯಾಹ್ನದ ಥರ್ಮಾಮೀಟರ್ ನಂಬಬೇಡಿ, ಸೂರ್ಯ ಹುಟ್ಟುವ ಮೊದಲೇ ನೋಡಿ. ಜ್ವರವಿರುವ ಬೆಳಿಗ್ಗೆಯೇ ಕಿವಿಯ ನಾಳದ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಜ್ವರ ಇಳಿದ ದಿನ ಪರಾವಲಂಬಿ ಸಿಗದೆ ಹೋಗಬಹುದು. ಈ ರೋಗಕ್ಕೆ ದನಗಳಿಗೆ ಕೊಡುವ ಡೈಮಿನಾಜೀನ್ ಮದ್ದು ಒಂಟೆಗೆ ವಿಷವಾಗಬಹುದು, ಇದಕ್ಕೆ ಮೆಲಾರ್ಸೊಮಿನ್ ಇದೆ. ಕೋಳಿ, ದನಗಳ ಸಿದ್ಧ ಆಹಾರದಲ್ಲಿರುವ ಮೊನೆನ್ಸಿನ್, ಸ್ಯಾಲಿನೊಮೈಸಿನ್ ಕೂಡ ಒಂಟೆಯನ್ನು ಕೊಲ್ಲುತ್ತವೆ. ಚೀಲದ ಚೀಟಿ ಓದದೆ ಬಿಚ್ಚಬೇಡಿ.

ಈತದ ಅಂತರ ಕಡಿಮೆ ಮಾಡಲು ಒಂದೇ ಉಪಾಯ. ಬೆದೆ ಋತುವಿನ ಮೊದಲ ವಾರಗಳಲ್ಲೇ ಗಬ್ಬ ಕಟ್ಟಿದ ಹೆಣ್ಣು ಮುಂದಿನ ಋತುವಿನೊಳಗೇ ಈಯುತ್ತದೆ, ಮೈ ತುಂಬಿದ್ದರೆ ಮತ್ತೆ ಗಂಡು ಹತ್ತಿಸಬಹುದು. ಕೊನೆಯಲ್ಲಿ ಕಟ್ಟಿದ್ದು ಈಯುವಾಗ ಋತುವೇ ಮುಗಿದಿರುತ್ತದೆ. ಅದಕ್ಕೇ ಹತ್ತಿಸಿದ 15 ದಿನದ ಮೇಲೆ ಗಂಡನ್ನು ಎದುರು ತನ್ನಿ. ಹೆಣ್ಣು ಬಾಲ ಸೆಟೆಸಿ ಮೇಲೆತ್ತಿದರೆ ಬಹುತೇಕ ಗಬ್ಬ. ಎತ್ತದಿದ್ದರೆ ಅಂದೇ ಮತ್ತೆ ಬಿಡಿ.